ಏಳು ಪರ್ಸೆಂಟ್ ಕ್ಲಿಂಕರ್ ಉಳಿಸಲು ನಾವು ಪಟ್ಟ ಪಾಡು

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನ್ನ ಕೆಲಸ. ಕಲ್ಲಿದ್ದಲು ಬಿಟ್ಟು ಬೇರೆ ಏನಾದ್ರೂ ಉರಿಸಿದರೆ ಕಾರ್ಬನ್ ಕಡಿಮೆ ಆಗುತ್ತೆ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ನಾವೂ ಭತ್ತದ ಹೊಟ್ಟು ಉರಿಸಿ ನೋಡಿದೆವು, ಸ್ವಲ್ಪ ಉಪಯೋಗ ಆಯಿತು. ಆದರೆ ಅರ್ಧಕ್ಕಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರೋದು ಸುಣ್ಣದಕಲ್ಲಿನ ಒಳಗಿನಿಂದಲೇ. 100 ಕಿಲೋ ಶುದ್ಧ ಸುಣ್ಣದಕಲ್ಲು ಸುಟ್ಟರೆ ಉಳಿಯೋದು 56 ಕಿಲೋ ಸುಣ್ಣ. ಮಿಕ್ಕ 44 ಕಿಲೋ ಗಾಳಿಗೆ. ಯಾವ ಸೌದೆ ಹಾಕಿದರೂ ಇದು ತಪ್ಪಿದ್ದಲ್ಲ. ಹಾಗಾಗಿ ಕ್ಲಿಂಕರನ್ನೇ, ಅಂದರೆ ಸುಣ್ಣದಕಲ್ಲು ಸುಟ್ಟು ಮಾಡುವ, ಅರೆದರೆ ಸಿಮೆಂಟ್ ಆಗುವ ಗಟ್ಟಿ ಉಂಡೆಗಳನ್ನೇ, ಕಡಿಮೆ ಬಳಸಬೇಕು.

ನಮ್ಮ ಪಿಪಿಸಿ, ಅಂದರೆ ಬೂದಿ ಬೆರೆಸಿದ ಸಿಮೆಂಟಿನಲ್ಲಿ, ಹಾರುಬೂದಿ (ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿದು ಉಳಿಯುವ ಬೂದಿ) 25% ಇತ್ತು. ಈ ಸಿಮೆಂಟಿನ ಭಾರತೀಯ ಮಾನದಂಡ ಐಎಸ್ 1489 ಪ್ರಕಾರ 35% ತನಕ ಹಾಕಬಹುದು. 32ಕ್ಕೆ ಏರಿಸೋಣ ಅಂದೆವು. ಟನ್ ಸಿಮೆಂಟಿಗೆ 70 ಕಿಲೋ ಕ್ಲಿಂಕರ್ ಉಳಿದರೆ ಹತ್ತಿರಹತ್ತಿರ 60 ಕಿಲೋ ಕಾರ್ಬನ್ ಡೈಆಕ್ಸೈಡ್ ತಪ್ಪುತ್ತದೆ.

ಮೊದಲ ಟ್ರಯಲ್ ಕೈಕೊಟ್ಟಿತು. ಮೂರನೇ ದಿನ ಪರೀಕ್ಷೆಯ ಕ್ಯೂಬನ್ನು ಒತ್ತಿ ಒಡೆದಾಗ ಕನಿಷ್ಠ 16 ಎಂಪಿಎ (ಗಟ್ಟಿತನದ ಅಳತೆ) ಬೇಕಿತ್ತು, 14 ಬಂತು. ಬೂದಿಯನ್ನು ಬೆರಳಲ್ಲಿ ಉಜ್ಜಿ ನೋಡಿದೆ. ಒಳ್ಳೆಯ ಬೂದಿ ಮುಖದ ಪೌಡರಿನಂತೆ ಜಾರುತ್ತದೆ. ಇದು ತರಿತರಿಯಾಗಿತ್ತು, ಪೂರ್ತಿ ಉರಿಯದ ಕಲ್ಲಿದ್ದಲಿನ ಕರಿ ಚುಕ್ಕೆಗಳಿದ್ದವು. ವಿದ್ಯುತ್ ಸ್ಥಾವರದಲ್ಲಿ ಹೊಗೆಯಿಂದ ಬೂದಿ ಹಿಡಿಯುವ ಇಎಸ್‌ಪಿ ಯಂತ್ರದಲ್ಲಿ ಮೊದಲ ಸಾಲಿನ ಹಾಪರಿಗೆ (ಬೂದಿ ಬೀಳುವ ತೊಟ್ಟಿ) ದಪ್ಪ ಬೂದಿ ಬೀಳುತ್ತದೆ, ಹಿಂದಿನ ಸಾಲುಗಳಿಗೆ ನುಣ್ಣಗಿನದು. ಹಿಂದಿನ ಸಾಲಿನ ಬೂದಿಯೇ ಬೇಕು ಅಂತ ಹಟ ಹಿಡಿದೆವು. ಸಿಮೆಂಟನ್ನೂ ಇನ್ನಷ್ಟು ನುಣ್ಣಗೆ ಅರೆದೆವು. ಮಿಲ್ಲಿನ ಕರೆಂಟ್ ಖರ್ಚು ಏರಿತು, ಆದರೂ ಲೆಕ್ಕ ನಮ್ಮ ಕಡೆಗೇ ಇತ್ತು. ಮೂರನೇ ದಿನದ ಸಂಖ್ಯೆ 19ಕ್ಕೆ ಬಂತು.

ಲ್ಯಾಬ್ ಗೆದ್ದರೆ ಸಾಕಾ? ಚಳಿಗಾಲದಲ್ಲಿ ಒಬ್ಬ ಗೌಂಡಿ ಫೋನ್ ಮಾಡಿದ. "ಸರ, ಮುಂಜಾನಿ ಉಗುರಿಲೆ ಗೀರಿದ್ರ ಪ್ಲಾಸ್ಟರ್ ಉದುರ್ತದ ರೀ." ಹೋಗಿ ನೋಡಿದರೆ ಎರಡೇ ದಿನಕ್ಕೆ ನೀರು ಹಾಕೋದು ನಿಲ್ಲಿಸಿದ್ದರು. ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಬಿಡುವ ಸುಣ್ಣದ ಜೊತೆ ಬೂದಿ ನಿಧಾನವಾಗಿ ಕೂಡಿಕೊಳ್ಳಬೇಕು. ಅದಕ್ಕೆ ದಿನಗಳು ಬೇಕು, ತೇವ ಬೇಕು. ಹತ್ತು ದಿನವಾದರೂ ನೀರು ಹಾಕೋದು ನಿಲ್ಲಿಸಬಾರದು. ನಮ್ಮ ಕಲಬುರಗಿಯ ಬಿಸಿಲಿಗೆ ಹದಿನಾಲ್ಕು ದಿನವೇ ಸರಿ.

ಇದನ್ನು ಚೀಲದ ಮೇಲೆ ಅಚ್ಚು ಹಾಕಿಸಿದರೆ ಯಾರೂ ಓದಲ್ಲ, ಅಲ್ವಾ? ಹಾಗಾಗಿ ಈಗ ತಿಂಗಳಿಗೆ ನಾಲ್ಕು ಸೈಟಿಗೆ ನಾನೇ ಹೋಗುತ್ತೇನೆ. ಹೊಸ ಕಾಲಂಗೆ ಒದ್ದೆ ಗೋಣಿಚೀಲ ಸುತ್ತಿದ್ದಾರಾ ಅಂತ ಮುಟ್ಟಿ ನೋಡುತ್ತೇನೆ. ಒಣಗಿದ್ದರೆ ಕೊಡ ಎತ್ತಿಕೊಳ್ಳುತ್ತೇನೆ.