ಎರೆ ಮಣ್ಣಿನಲ್ಲಿ ಹಳ್ಳದ ದಂಡೆಯನ್ನು ಉಳಿಸಿಕೊಳ್ಳುವ ಬಗೆ

ನವಲಗುಂದದ ಕಡೆ ಬೆಣ್ಣಿಹಳ್ಳದ ಬದಿಗೋ, ವಿಜಯಪುರ ಜಿಲ್ಲೆಯ ಡೋಣಿಯ ಬದಿಗೋ ಹೊಲವಿರುವವರು ಕಂಡ ಸಂಗತಿಯೊಂದಿದೆ: ಪ್ರವಾಹದ ದಿನ ಗಟ್ಟಿಯಾಗಿ ನಿಂತಿದ್ದ ದಂಡೆ, ನೀರು ಇಳಿದ ಮೇಲೆ ಕುಸಿಯುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಆ ಬಿರುಕುಗಳ ಮೂಲಕವೇ ನೀರು ಕುಡಿದು ಉಬ್ಬುತ್ತದೆ. ಹಳ್ಳ ತುಂಬಿರುವಷ್ಟು ಹೊತ್ತು ಹೊರಗಿನ ನೀರು ದಂಡೆಗೆ ಆನಿಕೆಯಾಗಿರುತ್ತದೆ. ಅದು ಥಟ್ಟನೆ ಇಳಿದಾಗ ಒಳಗಿನ ನೀರು ಅಷ್ಟೇ ಬೇಗ ಬಸಿಯಲಾರದೆ, ನೆನೆದು ಭಾರವಾದ ಮಣ್ಣು ಜಾರುತ್ತದೆ. ಆದ್ದರಿಂದ ದಂಡೆಯ ಮುಖಕ್ಕೆ ಗೋಡೆ ಕಟ್ಟುವುದಕ್ಕಿಂತ ಮೊದಲು ಒಳಗಿನ ನೀರಿಗೆ ದಾರಿ ಮಾಡಬೇಕು, ಬುಡವನ್ನು ಭದ್ರಪಡಿಸಬೇಕು.

ಮೊದಲು ಮಣ್ಣನ್ನು ಪರೀಕ್ಷಿಸಿ. ಒಣಗಿದ ಸಣ್ಣ ಹೆಂಟೆಯೊಂದನ್ನು ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರಿಗೆ ಮೆಲ್ಲಗೆ ಇಳಿಸಿ, ಕಲಕದೆ ಬಿಡಿ. ಅದು ಬರಿದೆ ಪುಡಿಯಾಗಿ ತಳಕ್ಕೆ ಕೂತರೆ ಚಿಂತೆಯಿಲ್ಲ. ಸುತ್ತಲೂ ಹಾಲಿನಂತೆ ಕದಡು ಹರಡಿದರೆ ಅದು ಸೋಡಿಯಂ ಹೆಚ್ಚಿರುವ, ನೀರಿನಲ್ಲಿ ತಾನಾಗಿ ಕರಗಿಹೋಗುವ ಮಣ್ಣು. ಅಂಥಲ್ಲಿ ಪ್ರಯೋಗಾಲಯದ ವರದಿ ಹೇಳಿದ ಪ್ರಮಾಣದಲ್ಲಿ ಜಿಪ್ಸಂ ಬೆರೆಸದೆ ಮಾಡಿದ ಕೆಲಸ ಒಳಗಿನಿಂದಲೇ ಟೊಳ್ಳಾಗುತ್ತದೆ.

ಹೊಲದ ನೀರು ದಂಡೆಯ ಅಂಚಿನ ಮೇಲಿಂದ ಎಲ್ಲೆಂದರಲ್ಲಿ ಧುಮುಕದಂತೆ, ಅಂಚಿನಿಂದ ಹಲವು ಮೀಟರ್ ಹಿಂದಕ್ಕೆ ಬದು ಹಾಕಿ, ಕಲ್ಲು ಹಾಸಿದ ಒಂದೇ ಕೋಡಿಯಲ್ಲಿ ಇಳಿಸಬೇಕು. ಈ ಅಗ್ಗದ ಕೆಲಸವನ್ನು ಬಿಟ್ಟು ಜೆಸಿಬಿ ತರಿಸುವವರೇ ಹೆಚ್ಚು.

ಕಡಿದಾದ ದಂಡೆಯನ್ನು ಒಂದು ಅಡಿ ಎತ್ತರಕ್ಕೆ ಎರಡರಿಂದ ಮೂರು ಅಡಿ ಅಗಲದ ಇಳಿಜಾರಿಗೆ ತರಬೇಕು. ಇದಕ್ಕೆ ಹೊಲದ ಒಂದು ಪಟ್ಟಿ ಹೋಗುತ್ತದೆ. ಅದನ್ನು ಉಳಿಸಲೆಂದು ಹಳ್ಳದೊಳಕ್ಕೆ ಮಣ್ಣು ಚಾಚಿದರೆ ನೀರು ಎದುರಿನವರ ದಂಡೆಗೆ ಹೊಡೆಯುತ್ತದೆ. ತುಂಬಬೇಕಾದಲ್ಲಿ 15–20 ಸೆಂಟಿಮೀಟರ್ ಪದರಗಳಾಗಿ ದಮ್ಮಸ್ಸು ಮಾಡಿ. ಮಣ್ಣನ್ನು ಅಂಗೈಯಲ್ಲಿ ಹೊಸೆದಾಗ ಸುಮಾರು 3 ಮಿಲಿಮೀಟರ್ ದಪ್ಪದ ಎಳೆಯಾಗಿ ಆಗತಾನೇ ಬಿರಿಯತೊಡಗಿದರೆ ಹದ ಸರಿಯಿದೆ ಎನ್ನಬಹುದು. ಇಂಥ ಹದ ಹಿಂಗಾರಿನ ನಂತರದ ತಿಂಗಳುಗಳಲ್ಲಿ ಸಿಗುತ್ತದೆಯೇ ಹೊರತು ಏಪ್ರಿಲ್‌ನ ಒಣ ಹೆಂಟೆಗಳಲ್ಲಿ ಅಲ್ಲ.

ಬುಡದಲ್ಲಿ, ಪ್ರವಾಹ ಕೊರೆಯುವ ಆಳಕ್ಕಿಂತ ಕೆಳಗೆ ಕಾಲುವೆ ತೋಡಿ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನೋ ಮರಳು–ಜಲ್ಲಿಯ ಪದರವನ್ನೋ ಹಾಸಿ, ಅದರ ಮೇಲೆ ದಪ್ಪ ಒರಟುಗಲ್ಲು ಕೂರಿಸಿ. ಈ ಪದರವಿಲ್ಲದಿದ್ದರೆ ಕಲ್ಲಿನ ಸಂದುಗಳಿಂದ ಜೇಡಿ ಸೋರಿಹೋಗಿ ಕಲ್ಲೇ ಮುಳುಗುತ್ತದೆ. ಉಬ್ಬಿ ಕುಗ್ಗುವ ನೆಲದಲ್ಲಿ ಸಿಮೆಂಟಿನ ಗೋಡೆ ಸೀಳುವ ಸಂಭವ ಹೆಚ್ಚು; ತಂತಿಬಲೆಯ ಕಲ್ಲುಪೆಟ್ಟಿಗೆಗಳು ನೆಲದೊಂದಿಗೆ ತುಸು ಬಾಗುತ್ತವೆ, ನೀರನ್ನೂ ಬಿಡುತ್ತವೆ.

ಕಲ್ಲಿಗಿಂತ ಮೇಲಿನ ಇಳಿಜಾರಿನಲ್ಲಿ ಲಾವಂಚದ ಹುಲ್ಲನ್ನು ನೆಡಿ. ಗುಂಡ್ಲುಪೇಟೆಯ ಕಡೆ ಇದನ್ನು ಹೊಲದ ಗಡಿಗೆ ನೆಡುವ ರೂಢಿ ಬಹಳ ಹಳೆಯದು. ಮುಂಗಾರಿನ ಆರಂಭದಲ್ಲಿ, ಇಳಿಜಾರಿಗೆ ಅಡ್ಡಲಾಗಿ, 10–15 ಸೆಂಟಿಮೀಟರ್‌ಗೊಂದು ಸಸಿಯಂತೆ, ಎತ್ತರದಲ್ಲಿ ಸುಮಾರು ಒಂದೊಂದು ಮೀಟರಿಗೆ ಒಂದು ಸಾಲು ಬರಲಿ. ಸಾಲುಗಳ ನಡುವೆ ಗರಿಕೆ, ಕೆಳಗೆ ಲಕ್ಕಿ ಗಿಡ ಸಾಕು. ಹೊಂಗೆಯಂಥ ಮರಗಳನ್ನು ಅಂಚಿನಿಂದ ದೂರವೇ ಬೆಳೆಸಿ.

ಹಳ್ಳ ಸಾಮಾನ್ಯವಾಗಿ ಸರ್ಕಾರಿ ಖರಾಬಿನಲ್ಲಿ (ಸಾಗುವಳಿಗೆ ಸೇರದ ಸರ್ಕಾರದ ಜಾಗದಲ್ಲಿ) ಇರುವುದರಿಂದ ಕೆಲಸಕ್ಕೆ ಮುನ್ನ ಅನುಮತಿ ಪಡೆಯಿರಿ. ಮೊದಲ ಎರಡು ಮಳೆಗಾಲ ಆಡು–ದನಗಳನ್ನು ದಂಡೆಗೆ ಬಿಡದೆ, ಅವು ನೀರಿಗಿಳಿಯಲು ಕಲ್ಲು ಹಾಸಿದ ಒಂದು ದಾರಿಯನ್ನು ಬೇರೆ ಮಾಡಿ; ಪ್ರತಿ ಪ್ರವಾಹ ಇಳಿದ ಮೇಲೆ ಬುಡದ ಕಲ್ಲನ್ನು ನೋಡಿ, ಸತ್ತ ಸಸಿಯ ಜಾಗಕ್ಕೆ ಹೊಸದನ್ನು ಹಚ್ಚಿ, ಅಂಚಿನಲ್ಲಿ ಬಿರುಕು ಕಂಡರೆ ಮುಂದಿನ ಮಳೆಯೊಳಗೆ ಹದವಾದ ಮಣ್ಣು ತುಂಬಿ ಗಿಡಿಯಿರಿ.