ಸಹೋದ್ಯೋಗಿಯ ಹೆಸರು ನೀವೇ ಕಳಿಸಿ: ಅಮೆರಿಕದ ಕಾಲೇಜುಗಳಲ್ಲಿ ಪ್ರಶಸ್ತಿ ನಾಮಿನೇಶನ್ ನಡೆಯುವ ರೀತಿ

ಅಮೆರಿಕದ ಯೂನಿವರ್ಸಿಟಿಗಳಲ್ಲಿ ಕೆಲಸ ಮಾಡುವ ಕನ್ನಡಿಗರು ಅಂದರೆ ಪ್ರೊಫೆಸರ್‌ಗಳು, ಲ್ಯಾಬಿನ ಪೋಸ್ಟ್‌ಡಾಕ್‌ಗಳು ಅಷ್ಟೇ ಅಂತ ಊರಲ್ಲಿ ಅಂದುಕೊಂಡಿರುತ್ತಾರೆ. ಅಡ್ವೈಸಿಂಗ್ ಆಫೀಸು, ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸು, ಹೌಸಿಂಗ್, ಕೆರಿಯರ್ ಸೆಂಟರ್, ಎಲ್ಲ ಕಡೆ ನಮ್ಮವರು ಇದ್ದಾರೆ. ಗಂಡನ ಜೊತೆ ಎಚ್-4 (ಅವಲಂಬಿತರ) ವೀಸಾದಲ್ಲಿ ಬಂದು, ಕೆಲಸದ ಪರ್ಮಿಟ್ ಸಿಕ್ಕ ಮೇಲೆ ಹತ್ತಿರದ ಕಮ್ಯುನಿಟಿ ಕಾಲೇಜು ಸೇರಿದವರೂ ಇದ್ದಾರೆ. ಇದು ಅವರಿಗಾಗಿ ಬರೆದದ್ದು.

ವರ್ಷಕ್ಕೆ ಒಂದೆರಡು ಸಲ ನಿಮಗೊಂದು ಇಮೇಲ್ ಬರುತ್ತದೆ. ಸಹೋದ್ಯೋಗಿಯನ್ನು ಪ್ರಶಸ್ತಿಗೆ ನಾಮಿನೇಟ್ ಮಾಡಿ ಅಂತ. ನಮ್ಮಲ್ಲಿ ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ಅದು ಬಾಸ್ ಮಾಡುವ ಕೆಲಸ, ನಾನ್ಯಾರು ಹೇಳೋಕೆ ಅನ್ನುವ ಭಾವ. ಒಳ್ಳೆ ಕೆಲಸ ಮಾಡಿದರೆ ಯಾರಾದರೂ ಗುರುತಿಸಿಯೇ ಗುರುತಿಸುತ್ತಾರೆ ಅನ್ನುವ ನಂಬಿಕೆ ಬೇರೆ. ಇಲ್ಲಿ ಹಾಗೆ ಯಾರೂ ಹುಡುಕಿಕೊಂಡು ಬರುವುದಿಲ್ಲ. ಕಮಿಟಿಯ ಮುಂದೆ ಬಂದ ಕಾಗದಗಳಲ್ಲಿ ಹೆಸರಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕ್ಯಾಂಪಸ್ ಕಮಿಟಿಯಲ್ಲಿ ಕೂತು ನೋಡಿದವಳಾಗಿ ಹೇಳುತ್ತೇನೆ: ಪ್ರಶಸ್ತಿಯ ಕೆಲವು ವಿಭಾಗಗಳಿಗೆ ಬರುವುದೇ ಒಂದೋ ಎರಡೋ ಹೆಸರು. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವವರು ಪಕ್ಕದ ಕಟ್ಟಡದಲ್ಲೇ ಇರುತ್ತಾರೆ. ಅವರ ಬಗ್ಗೆ ಯಾರೂ ಬರೆದಿರುವುದಿಲ್ಲ.

ಯಾವ ಸಂಘ, ಯಾವ ಮಟ್ಟ

ಕರ್ನಾಟಕದ ಕಾಲೇಜಿನಲ್ಲಿ ಒಬ್ಬ ಲೆಕ್ಚರರ್ ಹಾಸ್ಟೆಲ್ ವಾರ್ಡನ್ ಆಗಿರುತ್ತಾರೆ. ಇನ್ನೊಬ್ಬರು ಎನ್ಎಸ್ಎಸ್ ಅಧಿಕಾರಿ, ಮತ್ತೊಬ್ಬರು ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತಾರೆ. ಎಲ್ಲವೂ ಪಾಠದ ಜೊತೆಗಿನ ಹೆಚ್ಚುವರಿ ಹೊರೆ. ಅಮೆರಿಕದಲ್ಲಿ ಇದರಲ್ಲಿ ಒಂದೊಂದೂ ಬೇರೆ ಬೇರೆ ಕಸುಬು. ಒಟ್ಟಾರೆ ಸ್ಟೂಡೆಂಟ್ ಅಫೇರ್ಸ್ ಅನ್ನುತ್ತಾರೆ. ಇದಕ್ಕೆಂದೇ ಮಾಸ್ಟರ್ಸ್ ಡಿಗ್ರಿ ಇದೆ, ಸಂಘಗಳಿವೆ, ವಾರ್ಷಿಕ ಸಮ್ಮೇಳನಗಳಿವೆ, ಪ್ರಶಸ್ತಿಗಳಿವೆ.

ಎಲ್ಲ ವಿಭಾಗದವರೂ ಸೇರುವ ದೊಡ್ಡ ಸಂಘಗಳು ಎರಡು. ಒಂದು ನಾಸ್ಪಾ. 1919ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ ಕೆಲವೇ ಡೀನ್‌ಗಳು ಸೇರಿದ ಸಭೆಯಿಂದ ಬೆಳೆದದ್ದು. ಗಂಡು ಹುಡುಗರ ಶಿಸ್ತು ನೋಡಿಕೊಳ್ಳುವ ಡೀನ್‌ಗಳ ಕಾಲ ಅದು. ಆಗ ಅಲ್ಲಿ ಡೀನ್ ಆಗಿದ್ದ ಸ್ಕಾಟ್ ಗುಡ್‌ನೈಟ್ ಹೆಸರಿನಲ್ಲಿ ಇವತ್ತು ಡೀನ್‌ಗಳಿಗೆ ಪ್ರಶಸ್ತಿ ಇದೆ. ಇನ್ನೊಂದು ಎಸಿಪಿಎ, 1924ರದ್ದು. ಯಾವ ಕೋರ್ಸ್ ತೆಗೆದುಕೊಳ್ಳಬೇಕು ಅಂತ ವಿದ್ಯಾರ್ಥಿಗಳಿಗೆ ದಾರಿ ತೋರಿಸುವ ಅಕಾಡೆಮಿಕ್ ಅಡ್ವೈಸರ್‌ಗಳಿಗೆ ನಕಾಡಾ ಇದೆ. 1979ರಲ್ಲಿ ಶುರುವಾಯಿತು, ಆಫೀಸು ಕಾನ್ಸಾಸ್‌ನ ಮ್ಯಾನ್‌ಹ್ಯಾಟನ್‌ನಲ್ಲಿ. (ನ್ಯೂಯಾರ್ಕಿನದಲ್ಲ, ಹೊಲಗಳ ನಡುವಿನ ಮ್ಯಾನ್‌ಹ್ಯಾಟನ್.) ವಿದೇಶಿ ವಿದ್ಯಾರ್ಥಿಗಳ ಕೆಲಸ ನೋಡುವವರದ್ದು ನಾಫ್ಸಾ, 1948ರಿಂದ ಇದೆ.

ನಿಮ್ಮ ಸಹೋದ್ಯೋಗಿ ಯಾವ ಸಂಘಕ್ಕೆ ಹೊಂದುತ್ತಾರೆ ಅಂತ ಮೊದಲು ನೋಡಿ. ಇಂಟರ್‌ನ್ಯಾಷನಲ್ ಆಫೀಸಿನ ಅಡ್ವೈಸರ್ ನಾಫ್ಸಾಗೂ ಸರಿ, ನಾಸ್ಪಾಗೂ ಸರಿ. ಆದರೆ ಓದುವವರು ಬೇರೆ. ನಾಫ್ಸಾದವರಿಗೆ ಐ-20 (ವಿದ್ಯಾರ್ಥಿ ವೀಸಾಕ್ಕೆ ಕಾಲೇಜು ಕೊಡುವ ಕಾಗದ) ಅಂದರೇನು ಅಂತ ವಿವರಿಸಬೇಕಿಲ್ಲ. ನಾಸ್ಪಾ ಕಮಿಟಿಗೆ ಒಂದು ಸಾಲಿನಲ್ಲಾದರೂ ಹೇಳಬೇಕು.

ಮಟ್ಟಗಳು ಮೂರು: ಕ್ಯಾಂಪಸ್, ಪ್ರಾದೇಶಿಕ, ರಾಷ್ಟ್ರೀಯ. ನಾಸ್ಪಾಗೆ ಏಳು ಪ್ರದೇಶಗಳು, ನಕಾಡಾಗೆ ಹತ್ತು. ಮೊದಲ ಸಲ ಬರೆಯುವವರು ರಾಷ್ಟ್ರೀಯ ಪ್ರಶಸ್ತಿಗೇ ಕೈ ಹಾಕಬೇಡಿ. ಕ್ಯಾಂಪಸ್‌ನದ್ದಕ್ಕೆ ಬರೆದ ಪತ್ರವನ್ನೇ ತಿದ್ದಿ ಮುಂದಿನ ಮಟ್ಟಕ್ಕೆ ಕಳಿಸಬಹುದು. ಕೆಲವು ಪ್ರಶಸ್ತಿಗಳಿಗೆ ಸಂಘದ ಸದಸ್ಯತ್ವ ಬೇಕು, ಕೆಲವಕ್ಕೆ ಒಂದು ಕಾಲೇಜಿನಿಂದ ಇಷ್ಟೇ ಹೆಸರು ಅಂತ ಮಿತಿ ಇರುತ್ತದೆ. ಮಿತಿ ಇದ್ದರೆ ನಿಮ್ಮ ಕ್ಯಾಂಪಸ್‌ನಿಂದ ಬೇರೆ ಯಾರಾದರೂ ಹೆಸರು ಕಳಿಸುತ್ತಿದ್ದಾರಾ ಅಂತ ಡೀನ್ ಆಫೀಸಿನಲ್ಲಿ ವಿಚಾರಿಸಿಕೊಳ್ಳಿ.

ಸಮಯದ ವಿಷಯ. ನಾಸ್ಪಾ ಸಮ್ಮೇಳನ ಸಾಮಾನ್ಯವಾಗಿ ಮಾರ್ಚ್ ಸುಮಾರಿಗೆ, ನಾಫ್ಸಾದ್ದು ಮೇ ಕೊನೆಗೆ, ನಕಾಡಾದ್ದು ಶರತ್ಕಾಲಕ್ಕೆ. ಹೆಸರು ಅದಕ್ಕಿಂತ ತಿಂಗಳುಗಟ್ಟಲೆ ಮುಂಚೆ ಹೋಗಿರಬೇಕು. ಕೊನೇ ದಿನಾಂಕ ವರ್ಷ ವರ್ಷ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರು ಇನ್ನೊಂದು ಗಮನಿಸಿ: ಕೊನೇ ಗಡುವು ರಾತ್ರಿ 11:59, ಈಸ್ಟರ್ನ್ ಟೈಮ್ ಅಂತ ಇದ್ದರೆ ನಿಮಗೆ ಅದು 8:59. ಆಗಸ್ಟಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುವಾಗ ಯಾರಿಗೂ ಉಸಿರಾಡೋಕೆ ಪುರಸೊತ್ತಿರುವುದಿಲ್ಲ. ಜೂನ್, ಜುಲೈನಲ್ಲಿ ಕ್ಯಾಂಪಸ್ ಖಾಲಿ ಇರುವಾಗಲೇ ಪತ್ರ ಬರೆದು ಇಟ್ಟುಕೊಳ್ಳುವುದು ಜಾಣತನ.

ಯಾರ ಹೆಸರು

ಕಾರ್ಯಕ್ರಮ ಮಾಡುವವರ ಹೆಸರು ತಾನಾಗಿಯೇ ಮೇಲೆ ಬರುತ್ತದೆ. ಫೋಟೋ ಇರುತ್ತದೆ, ಪೋಸ್ಟರ್ ಇರುತ್ತದೆ. ರಾತ್ರಿ ಎರಡು ಗಂಟೆಗೆ ಡ್ಯೂಟಿ ಫೋನ್ ಎತ್ತಿ, ಅಳುತ್ತಿರುವ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ ಹಾಲ್ ಡೈರೆಕ್ಟರ್‌ನ (ಹಾಸ್ಟೆಲ್ ನೋಡಿಕೊಳ್ಳುವವರ) ಫೋಟೋ ಯಾರೂ ತೆಗೆಯುವುದಿಲ್ಲ. ಫ್ರಂಟ್ ಡೆಸ್ಕ್‌ನಲ್ಲಿ ಕೂತು ಪ್ರತಿ ಹುಡುಗಿಯ ಹೆಸರು ನೆನಪಿಟ್ಟುಕೊಳ್ಳುವವರದ್ದೂ ಅದೇ ಕಥೆ. ನೀವು ಬರೆಯುವುದಾದರೆ ಇಂಥವರ ಬಗ್ಗೆ ಬರೆಯಿರಿ.

ಗುಟ್ಟಾಗಿ ಕಳಿಸಿ ಸರ್‌ಪ್ರೈಸ್ ಕೊಡೋಣ ಅನ್ನುವ ಆಸೆ ಬೇಡ. ಸಾಮಾನ್ಯವಾಗಿ ಫಾರಂನಲ್ಲಿ ಅವರ ರೆಸ್ಯೂಮೆ ಕೇಳುತ್ತಾರೆ, ಮೇಲಧಿಕಾರಿಯ ಪತ್ರ ಕೇಳುತ್ತಾರೆ. ಅವರು ಕೆಲಸ ಬಿಡುವ ಯೋಚನೆಯಲ್ಲಿರಬಹುದು, ಹೆಸರು ಮುಂದೆ ಬರುವುದೇ ಬೇಡ ಅನ್ನಬಹುದು. ಕೇಳಿಬಿಡಿ. ನಿಮಗಿಂತ ಮೇಲಿನವರನ್ನು ನಾಮಿನೇಟ್ ಮಾಡಬಾರದು ಅಂತೇನಿಲ್ಲ. ಆದರೆ ಒಬ್ಬರೇ ಬರೆದರೆ ಬೆಣ್ಣೆ ಹಚ್ಚಿದಂತೆ ಕಾಣುತ್ತದೆ. ಇಬ್ಬರು ಮೂವರು ಸೇರಿ ಸಹಿ ಹಾಕಿ. ನಮ್ಮೂರಿನವರು, ಕನ್ನಡ ಕೂಟದಲ್ಲಿ ಪರಿಚಯ ಅನ್ನುವ ಕಾರಣಕ್ಕೆ ಮಾತ್ರ ದಯವಿಟ್ಟು ಹೆಸರು ಕಳಿಸಬೇಡಿ. ಕೆಲಸ ಹೇಳಿಕೊಳ್ಳುವ ಹಾಗಿದ್ದರೆ ಕಳಿಸಿ, ಪರಿಚಯ ಇದೆ ಅನ್ನುವುದನ್ನೂ ಪತ್ರದಲ್ಲಿ ಹೇಳಿ.

ನಿಮ್ಮ ಹೆಸರನ್ನು ನೀವೇ ಕಳಿಸಲು ಬಿಡುವ ಪ್ರಶಸ್ತಿಗಳೂ ಇವೆ. ನಾಚಿಕೊಳ್ಳುವುದೇನಿಲ್ಲ. ಪದ್ಮ ಪ್ರಶಸ್ತಿಗೂ ತಮ್ಮ ಹೆಸರನ್ನು ತಾವೇ ಕಳಿಸಬಹುದು ಅಂತ ನಿಯಮದಲ್ಲೇ ಇದೆ ಅಲ್ವಾ?

ಪತ್ರ

ಎಲ್ಲ ನಿಂತಿರುವುದು ಇದರ ಮೇಲೆ. ಕಮಿಟಿಯವರ ಕೈಯಲ್ಲಿ ಒಂದು ಅಂಕಪಟ್ಟಿ ಇರುತ್ತದೆ, ರೂಬ್ರಿಕ್ ಅನ್ನುತ್ತಾರೆ. ವಿದ್ಯಾರ್ಥಿಗಳ ಮೇಲಾದ ಪರಿಣಾಮಕ್ಕೆ ಇಷ್ಟು, ಹೊಸತನಕ್ಕೆ ಇಷ್ಟು, ಬೇರೆ ಆಫೀಸುಗಳ ಜೊತೆಗಿನ ಕೆಲಸಕ್ಕೆ ಇಷ್ಟು. ಪ್ರಶಸ್ತಿಯ ಮಾನದಂಡ ಏನೇನು ಅಂತ ಸಾಮಾನ್ಯವಾಗಿ ನಾಮಿನೇಶನ್ ಕೇಳುವ ಪ್ರಕಟಣೆಯಲ್ಲೇ ಬರೆದಿರುತ್ತಾರೆ. ನಿಮ್ಮ ಪತ್ರದ ಒಂದೊಂದು ಪ್ಯಾರಾ ಒಂದೊಂದು ಮಾನದಂಡಕ್ಕೆ ಉತ್ತರ ಆಗಿರಬೇಕು. ಓದುವವರು ಸಂಬಳಕ್ಕೆ ಓದುವವರಲ್ಲ, ತಮ್ಮ ಕೆಲಸ ಮುಗಿಸಿ ಸಂಜೆ ಓದುವವರು. ಉತ್ತರ ಹುಡುಕಿಸಬೇಡಿ.

ನಾವು ಬರೆದಾಗ ಪತ್ರ ಹೆಚ್ಚಾಗಿ ಹೀಗಿರುತ್ತದೆ: "ಮರಿಯಾ ತುಂಬಾ ಶ್ರದ್ಧೆಯಿಂದ ಕೆಲಸ ಮಾಡುತ್ತಾರೆ. ಯಾವಾಗಲೂ ನಗುನಗುತ್ತಾ ಇರುತ್ತಾರೆ. ವಿದ್ಯಾರ್ಥಿಗಳಿಗೆ ತಾಯಿಯ ಹಾಗೆ." ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಇಲ್ಲಿನ ಕಮಿಟಿಗೆ ಇದರಿಂದ ಏನೂ ಗೊತ್ತಾಗುವುದಿಲ್ಲ. ತಾಯಿಯ ಮಾತಂತೂ ತಿರುಗುಬಾಣ. ಓದಿ, ಡಿಗ್ರಿ ಪಡೆದು, ಕಲಿತು ಮಾಡುವ ಕಸುಬನ್ನು ಮನೆಯ ಅಕ್ಕರೆ ಅಂತ ಹೇಳಿದ ಹಾಗಾಗುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿನ ಒಂದು ವೈದ್ಯಕೀಯ ಕಾಲೇಜಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ನೋಡಿತ್ತು. ಹೆಂಗಸರ ಬಗ್ಗೆ ಬರೆದ ಪತ್ರಗಳು ಸರಾಸರಿ ಚಿಕ್ಕವು. ಕಷ್ಟಪಟ್ಟು ದುಡಿಯುತ್ತಾರೆ ಅನ್ನುವಂಥ ಮಾತು ಅವುಗಳಲ್ಲೇ ಜಾಸ್ತಿ. ಪತ್ರ ಬರೆದು ಮುಗಿಸಿದ ಮೇಲೆ ಒಮ್ಮೆ ಹೀಗೆ ನೋಡಿ: ಇದೇ ವಾಕ್ಯವನ್ನು ಒಬ್ಬ ಗಂಡಸಿನ ಬಗ್ಗೆ ಬರೆಯುತ್ತಿದ್ದೆನಾ? ಇಲ್ಲ ಅನಿಸಿದರೆ ಹೊಡೆದುಹಾಕಿ.

ಈಗ ಅದೇ ಮರಿಯಾ ಬಗ್ಗೆ ಇನ್ನೊಂದು ರೀತಿ. ಇದು ಉದಾಹರಣೆಗೆ ನಾನೇ ಕಟ್ಟಿದ್ದು, ಹಿನ್ನೆಲೆ ಮಾತ್ರ ನಿಜ. 2025ರ ಏಪ್ರಿಲ್‌ನಲ್ಲಿ ಹಲವು ಕಾಲೇಜುಗಳಲ್ಲಿ ಎಫ್-1 (ವಿದ್ಯಾರ್ಥಿ ವೀಸಾ) ಮೇಲೆ ಓದುವವರ ಸೆವಿಸ್ ದಾಖಲೆಗಳನ್ನು, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಸರ್ಕಾರ ಇಡುವ ಆನ್‌ಲೈನ್ ದಾಖಲೆಗಳನ್ನು, ಸರ್ಕಾರ ಇದ್ದಕ್ಕಿದ್ದಂತೆ ರದ್ದು ಮಾಡಿತ್ತು. ಕಾಲೇಜಿಗೆ ತಿಳಿಸದೆ ಮಾಡಿದ್ದೇ ಹೆಚ್ಚು. ಅಡ್ವೈಸರ್‌ಗಳೇ ಲಾಗಿನ್ ಆಗಿ ನೋಡಿದರೆ ಗೊತ್ತಾಗುತ್ತಿತ್ತು. 25ರಂದು ಸರ್ಕಾರದ ವಕೀಲರು ಕೋರ್ಟಿನಲ್ಲಿ ದಾಖಲೆಗಳನ್ನು ಮತ್ತೆ ಸರಿಪಡಿಸುವುದಾಗಿ ಹೇಳಿದರು. ಪತ್ರ ಹೀಗಿರಬಹುದು:

"ಆ ಮೂರು ವಾರ ಮರಿಯಾ ಪ್ರತಿದಿನ ಬೆಳಗ್ಗೆ ಏಳಕ್ಕೆ, ಆಫೀಸು ತೆರೆಯುವ ಮುಂಚೆ, ನಮ್ಮೆಲ್ಲ ವಿದ್ಯಾರ್ಥಿಗಳ ದಾಖಲೆಯನ್ನು ಪರಿಶೀಲಿಸಿದರು. ರದ್ದಾದವರಿಗೆ ಇಮೇಲ್ ಕಳಿಸದೆ ಅದೇ ದಿನ ತಾವೇ ಫೋನ್ ಮಾಡಿದರು. ಕಾನೂನು ವಿಭಾಗದ ಸಲಹಾ ಕ್ಲಿನಿಕ್‌ನಲ್ಲಿ ಅವರಿಗಾಗಿ ಮಧ್ಯಾಹ್ನದ ಸಮಯ ಕಾದಿರಿಸಿದರು. ಕ್ಯಾಂಪಸ್ ಕೆಲಸದ ಗತಿಯೇನು, ಕ್ಲಾಸಿಗೆ ಬರಬಹುದಾ ಅಂತ ಪ್ರೊಫೆಸರ್‌ಗಳು ಕೇಳುವ ಪ್ರಶ್ನೆಗಳಿಗೆ ಒಂದು ಪುಟದ ಉತ್ತರ ಸಿದ್ಧ ಮಾಡಿದರು. ಆ ಪುಟವನ್ನು ಪಕ್ಕದ ಎರಡು ಕಾಲೇಜುಗಳು ಕೇಳಿ ಪಡೆದವು. ಆ ಪರಿಶೀಲನೆ ನಮ್ಮ ಆಫೀಸಿನಲ್ಲಿ ಇವತ್ತಿಗೂ ಪ್ರತಿ ಸೋಮವಾರ ನಡೆಯುತ್ತಿದೆ."

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಓದಿದವರಿಗೆ ಮರಿಯಾ ಎಂಥವರು ಅಂತ ತಿಳಿಯಿತು. ಇಡೀ ಪ್ಯಾರಾದಲ್ಲಿ ಹೆಚ್ಚು ತೂಕ ಇರುವುದು ಕೊನೆಯ ಎರಡು ವಾಕ್ಯಕ್ಕೆ. ಕೆಲಸ ಒಬ್ಬರ ಕೈಯಿಂದ ಆಚೆ ಹೋಗಿ ಆಫೀಸಿನ ಪದ್ಧತಿಯಾಯಿತು, ಬೇರೆಯವರಿಗೂ ಬೇಕಾಯಿತು. ಕಮಿಟಿ ಹುಡುಕುವುದು ಇದನ್ನೇ. ವರ್ಷಕ್ಕೆ ಎಷ್ಟು ಕಾರ್ಯಕ್ರಮ ಮಾಡಿದರು ಅನ್ನುವ ಲೆಕ್ಕ ಸುಮ್ನೆ ಜಾಗ ತಿನ್ನುತ್ತದೆ. ಅದರಿಂದ ಏನು ಬದಲಾಯಿತು, ಅಷ್ಟು ಹೇಳಿ.

ಪದಗಳ ಮಿತಿ ಇರುತ್ತದೆ. ಕೆಲವು ಆನ್‌ಲೈನ್ ಫಾರಂಗಳು ಮಿತಿ ದಾಟಿದ ಕೂಡಲೇ ವಾಕ್ಯದ ನಡುವೆಯೇ ಕತ್ತರಿಸುತ್ತವೆ. ಬೇರೆ ಕಡೆ ಬರೆದು, ಎಣಿಸಿ, ಆಮೇಲೆ ಅಂಟಿಸಿ. ಚಾಟ್‌ಜಿಪಿಟಿಯಿಂದ ಬರೆಸಿದ ಪತ್ರಗಳು ಈಗ ರಾಶಿ ಬರುತ್ತಿವೆ. ಸಾಲಾಗಿ ನಾಲ್ಕು ಓದಿದರೆ ನಾಲ್ವರೂ ಒಬ್ಬರೇ ಅನಿಸುತ್ತದೆ. ಇಂಗ್ಲಿಷ್ ತಿದ್ದಿಸಿಕೊಳ್ಳಿ ಬೇಕಾದರೆ. ಘಟನೆ ನಿಮ್ಮದೇ ಇರಲಿ.

ವಿದ್ಯಾರ್ಥಿಗಳ ಗುಟ್ಟು

ಇಲ್ಲಿ ಎಡವುವುದು ಸುಲಭ. ಫೆರ್ಪಾ ಅಂತ 1974ರ ಕಾನೂನು ಇದೆ. ವಿದ್ಯಾರ್ಥಿಯ ದಾಖಲೆಯಲ್ಲಿರುವ ವಿಷಯವನ್ನು ಅವರ ಲಿಖಿತ ಒಪ್ಪಿಗೆ ಇಲ್ಲದೆ ಹೊರಗೆ ಹೇಳುವಂತಿಲ್ಲ. ಕೆಲವು ಅಪವಾದಗಳಿವೆ, ಪ್ರಶಸ್ತಿ ಪತ್ರ ಅದರಲ್ಲಿ ಬರುವುದಿಲ್ಲ. ಹೆಸರು ಬಿಟ್ಟರೆ ಸಾಕು ಅಂದುಕೊಳ್ಳಬೇಡಿ. "ದಾವಣಗೆರೆಯಿಂದ ಬಂದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ" ಅಂದರೆ ನಿಮ್ಮ ಕ್ಯಾಂಪಸ್‌ನಲ್ಲಿ ಒಬ್ಬಳೇ ಇರಬಹುದು. ಊರು, ವಿಭಾಗ, ವರ್ಷ ಮೂರೂ ಸೇರಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ವೀಸಾ ತೊಂದರೆ, ಕೌನ್ಸೆಲಿಂಗ್, ಶಿಸ್ತು ಕ್ರಮದಂಥ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಗೆದ್ದವರ ಬಗ್ಗೆ ವೇದಿಕೆಯ ಮೇಲೆ ಓದುವಾಗ ನಿಮ್ಮ ಪತ್ರದ ಸಾಲುಗಳನ್ನೇ ಎತ್ತಿಕೊಳ್ಳುತ್ತಾರೆ.

ಜೊತೆಗೆ ಕಳಿಸುವ ಬೆಂಬಲ ಪತ್ರಗಳು ಒಂದೇ ಕಥೆ ಹೇಳದಂತೆ ನೋಡಿಕೊಳ್ಳಿ. ಮೇಲಧಿಕಾರಿ ಒಂದು, ಬೇರೆ ಆಫೀಸಿನವರು ಒಂದು, ವಿದ್ಯಾರ್ಥಿ ಒಂದು. ಯಾರು ಯಾವ ವಿಷಯ ಬರೆಯಬೇಕು ಅಂತ ಮುಂಚೆಯೇ ಹಂಚಿ. ನಿಮ್ಮ ಕೈಕೆಳಗೆ ಕೆಲಸ ಮಾಡುವ ವಿದ್ಯಾರ್ಥಿಯನ್ನು ಕೇಳುವುದಕ್ಕಿಂತ, ಪಾಸಾಗಿ ಹೋದವರನ್ನು ಕೇಳುವುದು ವಾಸಿ. ಅವರಿಗೆ ಹೂಂ ಅನ್ನಲೇಬೇಕಾದ ಒತ್ತಡ ಇರುವುದಿಲ್ಲ.

ಹಣ, ಗ್ರೀನ್ ಕಾರ್ಡ್

ಕಾಲೇಜು ಕೊಡುವ ಬಹುಮಾನದ ಹಣ ಸಂಬಳದ ಜೊತೆ ಸೇರಿ ತೆರಿಗೆ ಕಳೆದೇ ಬರುತ್ತದೆ. ಗಿಫ್ಟ್ ಕಾರ್ಡಿಗೂ ಇದೇ ನಿಯಮ. ಫಲಕದ ಬಗ್ಗೆ ಚಿಂತೆ ಬೇಡ. ಸಮ್ಮೇಳನಕ್ಕೆ ಹೋಗುವ ಖರ್ಚು ಯಾರದ್ದು ಅಂತ ನಾಮಿನೇಟ್ ಮಾಡುವಾಗಲೇ ಡೀನ್ ಹತ್ತಿರ ಮಾತಾಡಿಟ್ಟುಕೊಳ್ಳಿ.

ಇಬಿ-1ಎ (ಅಸಾಧಾರಣ ಸಾಮರ್ಥ್ಯ ಇರುವವರ) ಗ್ರೀನ್ ಕಾರ್ಡಿಗೆ ಉಪಯೋಗ ಆಗುತ್ತಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಅದರಲ್ಲಿ ಹತ್ತು ಮಾನದಂಡಗಳಿವೆ. ಕನಿಷ್ಠ ಮೂರು ತೋರಿಸಬೇಕು, ಆಮೇಲೆ ಒಟ್ಟಾರೆ ಸಾಧನೆಯನ್ನೂ ತೂಗುತ್ತಾರೆ. ಪ್ರಶಸ್ತಿ ಒಂದು ಮಾನದಂಡ ಹೌದು, ಆದರೆ ಅದು ರಾಷ್ಟ್ರ ಅಥವಾ ಅಂತರರಾಷ್ಟ್ರೀಯ ಮಟ್ಟದಲ್ಲಿ ಮನ್ನಣೆ ಇರುವ ಪ್ರಶಸ್ತಿಯಾಗಬೇಕು. ಕ್ಯಾಂಪಸ್‌ನ ತಿಂಗಳ ಉದ್ಯೋಗಿ ಪ್ರಶಸ್ತಿಗೆ ಅಲ್ಲಿ ಬೆಲೆ ಇಲ್ಲ. ಇನ್ನೊಂದು ಮಾನದಂಡ ತನ್ನ ಕ್ಷೇತ್ರದ ಬೇರೆಯವರ ಕೆಲಸವನ್ನು ತೀರ್ಪುಗಾರರಾಗಿ ನೋಡಿದ ಅನುಭವ. ಸಂಘಗಳ ಪ್ರಶಸ್ತಿ ಕಮಿಟಿಗಳಿಗೆ ಓದುಗರು ಯಾವಾಗಲೂ ಬೇಕಿರುತ್ತಾರೆ, ಸ್ವಯಂಸೇವಕರಾಗಿ ಸೇರಬಹುದು. ವಕೀಲರನ್ನು ಕೇಳಿ ಮುಂದುವರಿಯಿರಿ. ಒಂದು ಸಲ ಆ ಕಡೆ ಕೂತು ಇಪ್ಪತ್ತು ಪತ್ರ ಓದಿದರೆ ಮುಂದೆ ಹೇಗೆ ಬರೆಯಬೇಕು ಅನ್ನುವುದಂತೂ ಗೊತ್ತಾಗುತ್ತದೆ.

ಪ್ರಶಸ್ತಿ ಬರದಿದ್ದರೆ ಕಮಿಟಿಯ ಅಧ್ಯಕ್ಷರಿಗೆ ಎರಡು ಸಾಲು ಬರೆದು ಏನು ಕಡಿಮೆಯಾಯಿತು ಅಂತ ಕೇಳಿ. ಎಲ್ಲರೂ ಹೇಳದಿದ್ದರೂ ಕೆಲವರು ಹೇಳುತ್ತಾರೆ. ಮರುವರ್ಷ ಅದೇ ಪತ್ರವನ್ನು ತಿದ್ದಿ ಮತ್ತೆ ಕಳಿಸಬಹುದು. ಅಷ್ಟರಲ್ಲಿ ಪತ್ರದ ಒಂದು ಪ್ರತಿಯನ್ನು ಸಹೋದ್ಯೋಗಿಗೆ ಕೊಡಿ. ವಾರ್ಷಿಕ ಮೌಲ್ಯಮಾಪನಕ್ಕೆ ಅವರು ಅದನ್ನು ಲಗತ್ತಿಸಬಹುದು. ಅದರ ಗಡುವು ಯಾವಾಗ ಅಂತ ಕೇಳಿಕೊಂಡು, ಅದಕ್ಕೆ ಮುಂಚೆಯೇ ಕೊಡಿ.