ವ್ಯಾಲಿಡೇಟರ್ ನಿಂತ್ರೆ ಗೊತ್ತಾಗೋದು ಹೇಗೆ? ಮಾನಿಟರಿಂಗ್, ಅಲರ್ಟ್ ಕೂರಿಸೋ ಕ್ರಮ

ಮನೇಲಿ ಇಥೀರಿಯಂ ವ್ಯಾಲಿಡೇಟರ್ (ಠೇವಣಿ ಇಟ್ಟು ಇಥೀರಿಯಂ ಚೈನ್‌ನ ಬ್ಲಾಕ್‌ಗಳನ್ನ ಪರಿಶೀಲಿಸೋ ಪ್ರೋಗ್ರಾಂ) ಓಡಿಸೋರಲ್ಲಿ ಬಹಳಷ್ಟು ಜನ ಅಂಕಿಗಳನ್ನ ಗ್ರಾಫ್ ಮಾಡಿ ತೋರಿಸೋ ಗ್ರಫಾನಾದಲ್ಲಿ ಒಂದು ಚಂದದ ಡ್ಯಾಶ್‌ಬೋರ್ಡ್ ಬಂದ ತಕ್ಷಣ ಮಾನಿಟರಿಂಗ್ ಮುಗೀತು ಅಂದ್ಕೊಂಡು ಎದ್ದುಬಿಡ್ತಾರೆ. ಮುಗಿದಿರಲ್ಲ. ರಾತ್ರಿ ಎರಡು ಗಂಟೆಗೆ ಆ ಗ್ರಾಫ್ ನೋಡೋಕೆ ಯಾರೂ ಎಚ್ಚರ ಇರಲ್ಲ, ಬೆಳಗ್ಗೆ ಎದ್ದು ನೋಡೋಷ್ಟ್ರಲ್ಲಿ ಅಷ್ಟೂ ಹೊತ್ತಿನ ಅಟೆಸ್ಟೇಶನ್ (ಚೈನ್ ಸರಿ ಇದೆ ಅಂತ ವ್ಯಾಲಿಡೇಟರ್ ಹಾಕೋ ಓಟು) ಹೋಗಿರತ್ತೆ. ಅದಕ್ಕಿಂತ ದೊಡ್ಡ ಪೆಟ್ಟು ಬೀಳೋದು ಅಲರ್ಟ್ ಬಂದಾಗ ಗಾಬರೀಲಿ ಮಾಡೋ ಕೆಲಸದಿಂದ, ಅದನ್ನ ಮುಂದೆ ಹೇಳ್ತೀನಿ.

ಮೊದಲು ಲೆಕ್ಕ. ಒಂದು ಸ್ಲಾಟ್ (ಒಂದು ಬ್ಲಾಕ್‌ಗೆ ಇಟ್ಟಿರೋ ಹೊತ್ತು) ಅಂದ್ರೆ 12 ಸೆಕೆಂಡ್, 32 ಸ್ಲಾಟ್ ಸೇರಿ ಒಂದು ಎಪಾಕ್, ಅಂದ್ರೆ 6.4 ನಿಮಿಷ. ಪ್ರತಿ ಎಪಾಕ್‌ನಲ್ಲಿ ವ್ಯಾಲಿಡೇಟರ್ ಒಂದು ಸಲ ಅಟೆಸ್ಟ್ ಮಾಡ್ಬೇಕು. ತಪ್ಪಿದ್ರೆ ಸಿಗ್ಬೇಕಾಗಿದ್ದ ರಿವಾರ್ಡ್ ಹೋಗತ್ತೆ, ಅದಕ್ಕಿಂತ ಸ್ವಲ್ಪ ಕಮ್ಮಿ ದಂಡಾನೂ ಬೀಳತ್ತೆ. ನೆಟ್‌ವರ್ಕ್ ಸರಿಯಾಗಿ ಫೈನಲೈಸ್ ಆಗ್ತಾ ಇದ್ರೆ (ಬ್ಲಾಕ್‌ಗಳು ಇನ್ನು ಬದಲಾಗದ ಹಾಗೆ ಖಾಯಂ ಆಗ್ತಾ ಇದ್ರೆ) ಅರ್ಧ ದಿನ ಬಂದ್ ಆದ ದಂಡವನ್ನ ಇನ್ನರ್ಧ ದಿನ ಓಡಿಸಿ ತುಂಬ್ಕೋಬಹುದು. ಈ ಲೆಕ್ಕ ಗೊತ್ತಿದ್ರೆ ಯಾವುದಕ್ಕೆ ನಿದ್ದೆಯಿಂದ ಏಳ್ಬೇಕು, ಯಾವುದಕ್ಕೆ ಬೇಡ ಅನ್ನೋದು ತಾನಾಗೇ ತಿಳಿಯತ್ತೆ.

ಮೊದಲ ಹೆಜ್ಜೆಗಳು ಸುಲಭ. ಎಕ್ಸಿಕ್ಯೂಶನ್ ಕ್ಲೈಂಟ್ (ವಹಿವಾಟು ನಡೆಸೋದು), ಬೀಕನ್ ನೋಡ್ (ಚೈನ್ ಜೊತೆ ಹೆಜ್ಜೆ ಹಾಕೋದು), ವ್ಯಾಲಿಡೇಟರ್ ಕ್ಲೈಂಟ್ (ಕೀ ಇಟ್ಕೊಂಡು ಸಹಿ ಹಾಕೋದು) ಮೂರರಲ್ಲೂ ಮೆಟ್ರಿಕ್ಸ್, ಅಂದ್ರೆ ಅವು ತಮ್ಮ ಸ್ಥಿತಿ ಬಗ್ಗೆ ಕೊಡೋ ಅಂಕಿಗಳನ್ನ ಆನ್ ಮಾಡಿ, ಮಷಿನ್‌ನ ಡಿಸ್ಕ್, ಮೆಮೊರಿ ಅಂಕಿ ಕೊಡೋ ನೋಡ್ ಎಕ್ಸ್‌ಪೋರ್ಟರ್ ಹಾಕಿ, ಅಂಕಿಗಳನ್ನ ಸಂಗ್ರಹಿಸೋ ಪ್ರೊಮೀಥಿಯಸ್‌ಗೆ ಇವುಗಳ ವಿಳಾಸ ಕೊಡಿ, ಗ್ರಫಾನಾ ಕೂರಿಸಿ. ಲೈಟ್‌ಹೌಸ್ ಅನ್ನೋ ಕ್ಲೈಂಟ್ ಬಳಸೋರು ಬೀಕನ್ ನೋಡ್‌ನಲ್ಲಿ ವ್ಯಾಲಿಡೇಟರ್ ಮಾನಿಟರ್ ಆಪ್ಷನ್ನೂ ಆನ್ ಮಾಡ್ಬೇಕು, ಇಲ್ಲಾಂದ್ರೆ ನಿಮ್ಮ ವ್ಯಾಲಿಡೇಟರ್‌ದೇ ಅಂತ ಬೇರೆ ಅಂಕಿ ಸಿಗಲ್ಲ. ಪ್ರೊಮೀಥಿಯಸ್‌ನ 9090, ಗ್ರಫಾನಾದ 3000 ಪೋರ್ಟ್‌ಗಳನ್ನ ಇಂಟರ್ನೆಟ್‌ಗೆ ತೆರೀಬೇಡಿ, ಹೊರಗಿಂದ ನೋಡೋದಿದ್ರೆ ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕ್ಕೊಳ್ಳಿ. ಡಾಕರ್ ಬಳಸೋರು ಇನ್ನೊಂದು ಗಮನಿಸಿ, ಡಾಕರ್ ಪಬ್ಲಿಶ್ ಮಾಡಿದ ಪೋರ್ಟ್ ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲನ್ನ ದಾಟಿ ಹೊರಗೆ ಕಾಣತ್ತೆ, ಹಾಗಾಗಿ 127.0.0.1ಕ್ಕೆ, ಅಂದ್ರೆ ಅದೇ ಮಷಿನ್‌ಗೆ ಮಾತ್ರ ಕಟ್ಟಿಹಾಕಿ.

ಈಗ ಜನ ಎಡವೋ ಜಾಗ, ಅಲರ್ಟ್ ರೂಲ್‌ಗಳು. ಇವನ್ನ ಗ್ರಫಾನಾದಲ್ಲಿ ಕ್ಲಿಕ್ ಮಾಡ್ಕೊಂಡು ಕೂರಬೇಡಿ, ಪ್ರೊಮೀಥಿಯಸ್‌ನ ರೂಲ್ ಫೈಲ್‌ನಲ್ಲಿ ಬರೆದು, ಅಲರ್ಟನ್ನ ಫೋನ್‌ಗೆ ತಲುಪಿಸೋ ಅಲರ್ಟ್‌ಮ್ಯಾನೇಜರ್ ಮೂಲಕ ಕಳಿಸಿ. ಫೈಲ್ ಆದ್ರೆ ಕಾಪಿ ಇಟ್ಕೋಬಹುದು, ಮಷಿನ್ ಬದಲಾದ್ರೆ ಹಾಗೇ ತಂದು ಹಾಕ್ಬಹುದು.

ಒಂದು ಅಟೆಸ್ಟೇಶನ್ ತಪ್ಪಿದ್ದಕ್ಕೆಲ್ಲ ಅಲರ್ಟ್ ಇಡಬೇಡಿ. ಒಳ್ಳೇ ಸೆಟಪ್‌ನಲ್ಲೂ ಆಗೊಮ್ಮೆ ಈಗೊಮ್ಮೆ ಒಂದು ತಪ್ಪತ್ತೆ, ಅದಕ್ಕೆಲ್ಲ ಫೋನ್ ಗುಂಯ್‌ಗುಟ್ಟಿದ್ರೆ ಎರಡು ವಾರದಲ್ಲಿ ನೀವು ಆ ಗ್ರೂಪನ್ನ ಮ್ಯೂಟ್ ಮಾಡ್ತೀರಿ, ಅಲ್ಲಿಗೆ ಅಲರ್ಟ್ ಇದ್ದೂ ಇಲ್ಲದ ಹಾಗೆ. ಮೂರು ಎಪಾಕ್ ಸಾಲಾಗಿ ತಪ್ಪಿದ್ರೆ, ಅಂದ್ರೆ ಸುಮಾರು 20 ನಿಮಿಷ, ಆಗ ಎಬ್ಬಿಸಲಿ. ಯಾವುದಾದ್ರೂ ಕ್ಲೈಂಟ್ ಐದು ನಿಮಿಷದಿಂದ ಮೆಟ್ರಿಕ್ಸ್ ಕೊಡ್ತಿಲ್ಲ ಅಂದ್ರೂ ಎಬ್ಬಿಸಲಿ. ಡಿಸ್ಕ್‌ಗೆ 'ಇಷ್ಟು ಪರ್ಸೆಂಟ್ ತುಂಬಿದೆ' ಅನ್ನೋ ರೂಲ್ ಬದಲು ಪ್ರೊಮೀಥಿಯಸ್‌ನ ಪ್ರೆಡಿಕ್ಟ್ ಲೀನಿಯರ್ ಬಳಸಿ, ಇದೇ ವೇಗದಲ್ಲಿ ಹೋದ್ರೆ ಒಂದು ವಾರದೊಳಗೆ ತುಂಬತ್ತೆ ಅಂತ ಹಗಲು ಹೊತ್ತಲ್ಲಿ ತಿಳಿಸಿದ್ರೆ ಸಾಕು. ಅಗ್ಗ ಅಂತ ಡಿರ‍್ಯಾಮ್ ಇಲ್ಲದ, ಕ್ಯೂಎಲ್‌ಸಿ ಚಿಪ್ ಇರೋ ಎಸ್‌ಎಸ್‌ಡಿ ಹಾಕಿದ್ರೆ ಮಾತ್ರ ಯಾವ ರೂಲೂ ಕಾಪಾಡಲ್ಲ, ಎಷ್ಟೋ ಸಲ ಅದು ಚೈನ್ ಹಿಂದೆ ಓಡೋಕೇ ಆಗದೆ ಕೂರತ್ತೆ, ದಯವಿಟ್ಟು ಅಲ್ಲಿ ದುಡ್ಡು ಉಳಿಸ್ಬೇಡಿ. ಗಡಿಯಾರಕ್ಕೂ ಒಂದು ರೂಲ್ ಇರಲಿ, 12 ಸೆಕೆಂಡಿನ ಆಟದಲ್ಲಿ ಟೈಮ್ ಅರ್ಧ ಸೆಕೆಂಡ್ ಜಾರಿದ್ರೂ ಕೇಡು, ಟೈಮ್ ಸರಿಪಡಿಸ್ತಾ ಇರೋ ಕ್ರೋನಿ ಪ್ರೋಗ್ರಾಂ ಓಡ್ತಾ ಇರ್ಬೇಕು.

ಇದೆಲ್ಲ ಬರೆದೋರೂ ಬಿಡೋದು ಒಂದಿದೆ. ಕ್ಲೈಂಟ್ ಅಪ್‌ಡೇಟ್ ಆದಾಗ ಕೆಲವು ಸಲ ಮೆಟ್ರಿಕ್ ಹೆಸರೇ ಬದಲಾಗತ್ತೆ. ನಿಮ್ಮ ರೂಲ್ ಹಳೇ ಹೆಸರನ್ನ ಹುಡುಕತ್ತೆ, ಏನೂ ಸಿಗಲ್ಲ, ಏನೂ ಸಿಗದಿದ್ರೆ ಪ್ರೊಮೀಥಿಯಸ್ ಪ್ರಕಾರ ಅಲರ್ಟೂ ಇಲ್ಲ, ಕ್ಲೈಂಟ್ ಓಡ್ತಿದೆ, ಅದರ ಸ್ಥಿತೀನೂ ಹಸಿರು, ರೂಲ್ ಮಾತ್ರ ಸತ್ತು ಬಿದ್ದಿರತ್ತೆ, ಯಾರಿಗೂ ಗೊತ್ತಿರಲ್ಲ. ಅದಕ್ಕೇ ಮುಖ್ಯವಾದ ಪ್ರತಿ ಮೆಟ್ರಿಕ್‌ಗೂ ಆಬ್ಸೆಂಟ್ ಫಂಕ್ಷನ್ ಬಳಸಿ ಜೋಡಿ ರೂಲ್ ಬರೀರಿ, ಆ ಹೆಸರಿನ ಮೆಟ್ರಿಕ್ಕೇ ಕಾಣೆ ಆದ್ರೆ ಕೂಗೋ ಹಾಗೆ.

ಇನ್ನು, ಕೂಗಬೇಕಾದ ಮಷಿನ್ನೇ ಆಫ್ ಆದ್ರೆ? ಕರೆಂಟ್ ಹೋಗಿ ಯುಪಿಎಸ್ ಖಾಲಿ ಆದ್ರೆ ವ್ಯಾಲಿಡೇಟರೂ ಇಲ್ಲ, ಅಲರ್ಟ್‌ಮ್ಯಾನೇಜರೂ ಇಲ್ಲ, ಫೋನ್ ತಣ್ಣಗಿರತ್ತೆ. ಕೆಲವರು ಮಷಿನ್‌ಗೆ ಯುಪಿಎಸ್ ಕೊಟ್ಟು ರೌಟರ್ ಮರೆತಿರ್ತಾರೆ, ಆಗಲೂ ಹೀಗೇ. ಇದಕ್ಕೆ ಉಪಾಯ ಏನಂದ್ರೆ ಯಾವಾಗ್ಲೂ ಫೈರ್ ಆಗ್ತಾನೇ ಇರೋ ಒಂದು ವಾಚ್‌ಡಾಗ್ ರೂಲ್ ಬರೆದು ಅದನ್ನ ಹೆಲ್ತ್‌ಚೆಕ್ಸ್ ತರಹದ ಹೊರಗಿನ ಸರ್ವೀಸ್‌ಗೆ ಕಳಿಸ್ತಾ ಇರೋದು. ರಾತ್ರಿ ಬೀದಿ ಕಾಯೋ ಗೂರ್ಖಾನ ಸೀಟಿ ಇದ್ದ ಹಾಗೆ, ಕೇಳ್ತಾ ಇರೋವರೆಗೂ ನಿದ್ದೆ ಮಾಡ್ಬಹುದು, ನಿಂತ್ರೆ ಏಳ್ಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಅಲರ್ಟ್‌ಮ್ಯಾನೇಜರ್‌ನಲ್ಲಿ ರಿಪೀಟ್ ಇಂಟರ್ವಲ್ (ಅದೇ ಅಲರ್ಟನ್ನ ಮತ್ತೆ ಕಳಿಸೋ ಅಂತರ) ಡೀಫಾಲ್ಟಾಗಿ 4 ಗಂಟೆ, ಗ್ರೂಪ್ ಇಂಟರ್ವಲ್ 5 ನಿಮಿಷ ಇರತ್ತೆ, ಹಾಗೇ ಬಿಟ್ರೆ ಸಿಗ್ನಲ್ ನಾಲ್ಕು ಗಂಟೆಗೊಮ್ಮೆ ಹೋಗತ್ತೆ. ವಾಚ್‌ಡಾಗ್ ರೂಟ್‌ಗೆ ಮಾತ್ರ ಎರಡನ್ನೂ 1 ನಿಮಿಷಕ್ಕೆ ಇಳಿಸಿ, ಹೊರಗಿನ ಸರ್ವೀಸ್‌ನಲ್ಲಿ 10 ನಿಮಿಷ ಸದ್ದಿಲ್ಲದಿದ್ರೆ ಫೋನ್ ಮಾಡು ಅಂತ ಇಡಿ. ಚೈನ್‌ನಲ್ಲಿ ನಡೆಯೋದನ್ನ ತೋರಿಸೋ ಬೀಕನ್‌ಚೈನ್ ಎಕ್ಸ್‌ಪ್ಲೋರರ್‌ನ ಮೊಬೈಲ್ ಆ್ಯಪ್‌ನಲ್ಲೂ ನೋಟಿಫಿಕೇಶನ್ ಹಾಕ್ಕೊಳ್ಳಿ, ಅದು ಚೈನ್ ಕಡೆಯಿಂದ ನೋಡತ್ತೆ, ನಿಮ್ಮ ಮಷಿನ್ ಏನು ಹೇಳ್ತಿದೆ ಅನ್ನೋದರ ಮೇಲೆ ನಿಂತಿಲ್ಲ.

ಸಣ್ಣಪುಟ್ಟದ್ದು ಟೆಲಿಗ್ರಾಮ್‌ಗೆ ಬರಲಿ. ಎಬ್ಬಿಸಲೇಬೇಕಾದ್ದು ಫೋನ್ ಕಾಲ್ ಆಗಿ ಬರ್ಬೇಕು, ಆ ನಂಬರ್ ಡೂ ನಾಟ್ ಡಿಸ್ಟರ್ಬ್ ಇದ್ರೂ ರಿಂಗ್ ಆಗೋ ಹಾಗೆ ಫೋನ್‌ನಲ್ಲಿ ಸೆಟ್ ಮಾಡಿ.

ಅಲರ್ಟ್ ಬಂತು, ಎದ್ರಿ. ಈಗ ಏನು ಮಾಡ್ಬಾರ್ದು ಅನ್ನೋದನ್ನ ಅಲರ್ಟ್ ಮೆಸೇಜ್ ಒಳಗೇ ಬರೆದಿಡಿ: ಇನ್ನೊಂದು ಮಷಿನ್‌ನಲ್ಲಿ ಅದೇ ಕೀ (ವ್ಯಾಲಿಡೇಟರ್ ಸಹಿ ಹಾಕೋ ಗುಟ್ಟಿನ ಕೀ) ಹಾಕಿ ಸ್ಟಾರ್ಟ್ ಮಾಡ್ಬೇಡಿ. ಸತ್ತಿದೆ ಅಂದ್ಕೊಂಡ ಹಳೇ ಮಷಿನ್ ನೆಟ್ ಬಂದ ಕೂಡ್ಲೇ ಎದ್ದು ಸೈನ್ ಮಾಡತ್ತೆ, ಎರಡು ಕಡೆಯಿಂದ ಬೇರೆ ಬೇರೆ ಸಹಿ ಹೋದ್ರೆ ಸ್ಲ್ಯಾಶಿಂಗ್, ಅಂದ್ರೆ ಠೇವಣಿಯಿಂದ ದಂಡ ಕಿತ್ತು ಹೊರಗೆ ಹಾಕೋ ಶಿಕ್ಷೆ. 2025ರ ಮೇ ತಿಂಗಳಲ್ಲಿ ಇಥೀರಿಯಂನ ಪೆಕ್ಟ್ರಾ ಅಪ್‌ಗ್ರೇಡ್ ಆದ್ಮೇಲೆ ಮೊದಲ ದಂಡ ಬ್ಯಾಲೆನ್ಸ್‌ನ 4096ರಲ್ಲಿ ಒಂದು ಪಾಲಿಗೆ ಇಳಿದಿದೆ ನಿಜ, ಆದ್ರೆ ವ್ಯಾಲಿಡೇಟರನ್ನ ಹೊರಗೆ ಹಾಕೋದು, ಸುಮಾರು 36 ದಿನ ದುಡ್ಡು ಸಿಕ್ಕಿಹಾಕ್ಕೊಳ್ಳೋದು ಹಾಗೇ ಇದೆ, ಅದೇ ಹೊತ್ತಲ್ಲಿ ಬೇರೆಯವರೂ ಬಹಳ ಜನ ಸ್ಲ್ಯಾಶ್ ಆಗಿದ್ರೆ ದಂಡ ಇನ್ನೂ ಏರತ್ತೆ. ಆಟೋಮ್ಯಾಟಿಕ್ ಫೇಲ್‌ಓವರ್ (ಒಂದು ಮಷಿನ್ ನಿಂತ್ರೆ ತಾನಾಗೇ ಇನ್ನೊಂದನ್ನ ಎಬ್ಬಿಸೋ) ಸ್ಕ್ರಿಪ್ಟ್ ಬರೆದಿಟ್ಟಿರೋರಿಗೆ ನನ್ನ ಸಲಹೆ, ಇವತ್ತೇ ತೆಗೀರಿ. ಬದಲಾಯಿಸಲೇಬೇಕಾದ್ರೆ ಹಳೇ ಮಷಿನ್‌ನಿಂದ ಕೀ ಅಳಿಸಿ, ಸ್ಲ್ಯಾಶಿಂಗ್ ಪ್ರೊಟೆಕ್ಷನ್ ಫೈಲ್ (ಈವರೆಗೆ ಹಾಕಿದ ಸಹಿಗಳ ದಾಖಲೆ) ಎಕ್ಸ್‌ಪೋರ್ಟ್ ಮಾಡಿ ಹೊಸದಕ್ಕೆ ಇಂಪೋರ್ಟ್ ಮಾಡಿ, ಡಾಪಲ್‌ಗ್ಯಾಂಗರ್ ಪ್ರೊಟೆಕ್ಷನ್ (ಅದೇ ಕೀ ಬೇರೆಲ್ಲೋ ಓಡ್ತಿದೆಯಾ ಅಂತ ಕೆಲವು ಎಪಾಕ್ ಕಾದು ನೋಡೋ ವ್ಯವಸ್ಥೆ) ಆನ್ ಇಟ್ಟು ಸ್ಟಾರ್ಟ್ ಮಾಡಿ. ಕೆಲವು ಎಪಾಕ್ ಹೋಗತ್ತೆ, ಹೋಗ್ಲಿ.

ಕೆಲವೊಮ್ಮೆ ತಪ್ಪು ನಿಮ್ಮದೇ ಆಗಿರಲ್ಲ. 2023ರ ಮೇ 11 ಮತ್ತು 12ರಂದು ಮೇನ್‌ನೆಟ್ಟೇ (ನಿಜವಾದ ಇಥೀರಿಯಂ ನೆಟ್‌ವರ್ಕೇ) ಸ್ವಲ್ಪ ಹೊತ್ತು ಫೈನಲೈಸ್ ಆಗದೆ ನಿಂತಿತ್ತು. ಅಂಥ ಹೊತ್ತಲ್ಲಿ ಸುಮ್ನೆ ರೀಸ್ಟಾರ್ಟ್ ಮಾಡ್ತಾ ಕೂರದ ಹಾಗೆ, ಈಗಿನ ಎಪಾಕ್‌ಗೂ ಫೈನಲೈಸ್ ಆದ ಎಪಾಕ್‌ಗೂ ನಾಲ್ಕಕ್ಕಿಂತ ಹೆಚ್ಚು ಅಂತರ ಬಿದ್ರೆ ತಿಳಿಸೋ ರೂಲ್ ಇನ್ನೊಂದಿರಲಿ.

ಕೊನೇದು ಟೆಸ್ಟ್. ಹೂಡಿ ಅನ್ನೋ ಇಥೀರಿಯಂ ಟೆಸ್ಟ್‌ನೆಟ್‌ನಲ್ಲಿ (ನಿಜವಾದ ದುಡ್ಡಿಲ್ಲದ ಪರೀಕ್ಷಾ ನೆಟ್‌ವರ್ಕ್‌ನಲ್ಲಿ) ಇದೇ ಸೆಟಪ್ ಮಾಡಿ ವ್ಯಾಲಿಡೇಟರ್ ಕ್ಲೈಂಟ್ ನಿಲ್ಲಿಸಿ ನೋಡಿ, ಬೀಕನ್ ನೋಡ್ ನಿಲ್ಲಿಸಿ ನೋಡಿ, ಆಮೇಲೆ ರೌಟರ್‌ನಿಂದ ನೆಟ್‌ವರ್ಕ್ ಕೇಬಲ್ಲೇ ಕಿತ್ತು ಹತ್ತು ನಿಮಿಷ ಕಾಯಿರಿ. ಮೂರು ಸಲವೂ ಫೋನ್ ರಿಂಗ್ ಆಗ್ಬೇಕು. ಕ್ಲೈಂಟ್ ಅಪ್‌ಡೇಟ್ ಆದಾಗೆಲ್ಲ ರೂಲ್‌ನಲ್ಲಿರೋ ಮೆಟ್ರಿಕ್ ಹೆಸರುಗಳನ್ನ ಒಂದೊಂದಾಗಿ ಪ್ರೊಮೀಥಿಯಸ್‌ನಲ್ಲಿ ಟೈಪ್ ಮಾಡಿ, ಅಂಕಿ ಬರತ್ತಾ ನೋಡ್ಕೊಳ್ಳಿ.